ಹನ್ನೊಂದು ತಿಂಗಳ ಕೆಲಸಕ್ಕೆ ಸೇರಲೇ, ಕಾಯಲೇ?

ಪ್ರಶ್ನೆ: ನನಗೆ 27 ವರ್ಷ. ಡೊಂಬಿವಲಿಯಲ್ಲಿ ಅಪ್ಪ ಅಮ್ಮನ ಜೊತೆಗಿದ್ದೇನೆ. ಲ್ಯಾಬ್ ಟೆಕ್ನಿಷಿಯನ್. ನಾನಿದ್ದ ಸಣ್ಣ ಲ್ಯಾಬ್ ಮುಚ್ಚಿ ಮೂರು ತಿಂಗಳಾಯಿತು. ಮುಂಬೈಯ ಸರಕಾರಿ ಆಸ್ಪತ್ರೆಯೊಂದರಲ್ಲಿ 11 ತಿಂಗಳ ಗುತ್ತಿಗೆ ಕೆಲಸ ಸಿಕ್ಕಿದೆ, ಸೋಮವಾರ ಸೇರಬೇಕು. ಠಾಣೆಯ ಖಾಸಗಿ ಲ್ಯಾಬೊಂದು ಸಂದರ್ಶನ ಮಾಡಿ, "ಪರ್ಮನೆಂಟ್ ಹುದ್ದೆ, ಮುಂದಿನ ತಿಂಗಳು ತಿಳಿಸುತ್ತೇವೆ" ಎಂದಿದೆ. ಅಪ್ಪ ಕಾಯಲು ಹೇಳುತ್ತಾರೆ. ನಮ್ಮಜ್ಜ ಪರೇಲಿನ ಬಟ್ಟೆ ಗಿರಣಿಯಲ್ಲಿ ವರ್ಷಗಟ್ಟಲೆ ಬದಲಿ ಕಾರ್ಮಿಕರಾಗಿದ್ದವರು.

ಉತ್ತರ: ಸೋಮವಾರ ಹೋಗಿ ಸೇರಿಕೊಳ್ಳಿ.

ನಿಮ್ಮ ತಂದೆಯವರ ಭಯ ನನಗೆ ಅರ್ಥವಾಗುತ್ತದೆ. ದಿನಾ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ನಿಂತು, ಇವತ್ತು ಯಾರಾದರೂ ರಜೆ ಹಾಕಿದ್ದಾರೆಯೇ ಎಂದು ಕಾಯುವುದೇ ಬದಲಿಯವರ ಬದುಕಾಗಿತ್ತು. ಅಂಥ ಮನೆಯಲ್ಲಿ 'ಪರ್ಮನೆಂಟ್' ಎಂಬ ಪದಕ್ಕೆ ದೇವರ ಪಟದ ಪಕ್ಕದಲ್ಲೇ ಜಾಗ. ಆದರೆ ಮುಂಬೈ ಗಿರಣಿ ಕಾರ್ಮಿಕರ 1982ರ ಮುಷ್ಕರದ ನಂತರ ಬೀದಿಗೆ ಬಿದ್ದವರಲ್ಲಿ ಕಾಯಂ ಆದವರೂ ಇದ್ದರು ಎಂಬುದನ್ನು ಅವರಿಗೆ ನೆನಪಿಸಬಹುದು. ಮೆತ್ತಗೆ, ಚಹಾ ಕೊಟ್ಟ ಮೇಲೆ.

ಠಾಣೆಯವರು ನಿಮಗೆ ಕೊಟ್ಟಿರುವುದು ಒಂದು ಮಾತು, ಅಷ್ಟೇ. ಸಂಬಳ ಎಷ್ಟು, ಪ್ರೊಬೇಷನ್ ಎಷ್ಟು ತಿಂಗಳು, ನೋಟಿಸ್ ಅವಧಿ ಎಷ್ಟು ಎಂದು ನೀವು ಬರೆದೇ ಇಲ್ಲ. ಅವರು ಹೇಳಿರಲಾರರು ಎಂದು ನನ್ನ ಊಹೆ. ಖಾಸಗಿಯಲ್ಲಿ ಪರ್ಮನೆಂಟ್ ಎಂದರೆ ಎಷ್ಟೋ ಸಲ ಆರು ತಿಂಗಳ ಪ್ರೊಬೇಷನ್, ಆಮೇಲೆ ಒಂದು ತಿಂಗಳ ನೋಟಿಸ್. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬೇಡಿ.

ಆದರೆ ಆಸ್ಪತ್ರೆಯಲ್ಲಿ "ಇದ್ದರೆ ಕಾಯಂ ಮಾಡುತ್ತಾರೆ" ಎಂದು ಯಾರಾದರೂ ಕಿವಿಯಲ್ಲಿ ಊದಿದರೆ ಅದನ್ನೂ ನಂಬಬೇಡಿ. ಕರ್ನಾಟಕ ಸರಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ: ತಾತ್ಕಾಲಿಕವಾಗಿ ಸೇರಿದ ಮಾತ್ರಕ್ಕೆ ಸರಕಾರಿ ಹುದ್ದೆ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ. ಹನ್ನೊಂದು ತಿಂಗಳು, ಒಂದೆರಡು ದಿನದ ಬಿಡುವು, ಮತ್ತೆ ಹನ್ನೊಂದು ತಿಂಗಳು. ಆ ಬಿಡುವನ್ನು ಇಡುವುದೇ ಸೇವೆ ನಿರಂತರ ಎನಿಸಬಾರದು ಎಂದು. ನೀವು ಅಲ್ಲಿಗೆ ಹೋಗುವುದು ದಿನಕ್ಕೆ ನೂರಾರು ಮಾದರಿಗಳು ಬರುವ ಲ್ಯಾಬಿನಲ್ಲಿ ಕೈ ಪಳಗಿಸಿಕೊಳ್ಳಲು, ಅನುಭವ ಪತ್ರಕ್ಕೆ, ಮತ್ತು ಖಾಲಿಯಾಗುತ್ತಿರುವ ಬ್ಯಾಂಕ್ ಖಾತೆಗೆ.

ಸಹಿ ಹಾಕುವ ಮುನ್ನ ಪತ್ರವನ್ನು ಕೊನೆಯ ಸಾಲಿನವರೆಗೂ ಓದಿ. ಹಣವನ್ನು 'ವೇತನ' ಎಂದಿದ್ದಾರೆಯೋ 'ಮಾನಧನ' (ಗೌರವಧನ) ಎಂದೋ? ಎರಡನೆಯದಾದರೆ ಭವಿಷ್ಯನಿಧಿ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಇದ್ದರೆ ಹಳೆಯ ಯುಎಎನ್ (ಭವಿಷ್ಯನಿಧಿ ಸದಸ್ಯರ) ಸಂಖ್ಯೆಯನ್ನೇ ಕೊಡಿ, ಹೊಸದು ಬೇಡ. ನಡುವೆ ಬಿಡಲು ಎಷ್ಟು ದಿನದ ನೋಟಿಸ್ ಎಂಬುದಂತೂ ಮುಖ್ಯ. ಅವಧಿಗೆ ಮುನ್ನ ಬಿಟ್ಟರೆ ಹಣ ಕಟ್ಟಬೇಕೆಂಬ ಬಾಂಡ್ ಇದ್ದರೆ ಮಾತ್ರ ನನ್ನ ಸಲಹೆಯನ್ನು ಬದಿಗಿಟ್ಟು ಮತ್ತೆ ಬರೆಯಿರಿ.

ಠಾಣೆಗೆ ನಾಳೆಯೇ ಎರಡು ಸಾಲಿನ ಮೇಲ್ ಕಳುಹಿಸಿ: ಸೋಮವಾರ ಬೇರೆಡೆ ಸೇರುತ್ತಿದ್ದೇನೆ, ನಿಮ್ಮ ಹುದ್ದೆಯಲ್ಲಿ ಆಸಕ್ತಿ ಇದೆ, ಪತ್ರ ಯಾವಾಗ ಸಿಗಬಹುದು? ಇದರಲ್ಲಿ ಮೋಸವೇನೂ ಇಲ್ಲ. ಪತ್ರ ಬಂದರೆ, ಸಂಬಳ ಸರಿಯಿದ್ದರೆ, ನಿಯಮದಂತೆ ನೋಟಿಸ್ ಕೊಟ್ಟು ಹೋಗಿ. ಡೊಂಬಿವಲಿಯಿಂದ ಠಾಣೆ ಹತ್ತಿರ, ಲೋಕಲ್‌ನಲ್ಲಿ ನೇತಾಡುವುದೂ ಅರ್ಧಕ್ಕರ್ಧ ಕಡಿಮೆ.

ಅಂದಹಾಗೆ ರೈಲ್ವೆ ಪಾಸನ್ನು ಸದ್ಯಕ್ಕೆ ಒಂದು ತಿಂಗಳದ್ದೇ ಮಾಡಿಸಿ. ಮೂರು ತಿಂಗಳದ್ದು ಅಗ್ಗ ಎಂದು ಅಪ್ಪ ಹೇಳುತ್ತಾರೆ, ಹೇಳಲಿ.