ಮನೆ ರಿಪೇರಿ ಪ್ರಶ್ನೋತ್ತರ: ಬಿಸಿನೀರಿನ ಪೈಪಿಗೆ ಬಿಚ್ಚಲು ಬರುವ ಪೆಟ್ಟಿಗೆ

ಪ್ರಶ್ನೆ: ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹಳೆಯ ಇಟ್ಟಿಗೆ ಮನೆ ಕೊಂಡಿದ್ದೇವೆ. ಹಾಲ್‌ನ ಹೊರಗೋಡೆಯ ಉದ್ದಕ್ಕೂ ಸ್ಕರ್ಟಿಂಗ್‌ನ ಮೇಲೆ, ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರಿನ ಎರಡು ತಾಮ್ರದ ಪೈಪುಗಳು ಬಯಲಾಗಿ ಹೋಗಿವೆ. ತಲಾ 15 ಮಿ.ಮೀ. ದಪ್ಪ, 4 ಮೀಟರ್ ಉದ್ದ. ಗೋಡೆಯಿಂದ 40 ಮಿ.ಮೀ. ಮುಂದಕ್ಕೆ ಚಾಚಿವೆ, ಮೇಲಿನ ಪೈಪು ನೆಲದಿಂದ 190 ಮಿ.ಮೀ. ಎತ್ತರದಲ್ಲಿದೆ. ನೋಡಲು ಚೆನ್ನಾಗಿಲ್ಲ ಎಂಬುದು ಒಂದು ಕಡೆ, ಅಂಬೆಗಾಲಿಡುವ ಮಗು ಹೋಗಿ ಕೈಯಿಡುತ್ತದೆ ಎಂಬ ಭಯ ಇನ್ನೊಂದು ಕಡೆ. ನಾವೇ ಮರದ ಪೆಟ್ಟಿಗೆ ಮಾಡಿ ಮುಚ್ಚಬಹುದೇ? ಕೋಣೆಯ ಬಿಸಿ ಕಡಿಮೆಯಾಗುತ್ತದೆಯೇ?

ಉತ್ತರ: ಖಂಡಿತ ಮಾಡಬಹುದು. ಮಗುವಿರುವ ಮನೆಯಲ್ಲಿ ಮಾಡಲೇಬೇಕು. ಗ್ಯಾಸ್ ಬಾಯ್ಲರಿನಿಂದ ಹೊರಡುವ ನೀರು 70 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಬಿಸಿಯ ತಾಮ್ರವನ್ನು ಎಳೆಯ ಕೈ ಹಿಡಿದುಕೊಂಡರೆ ಸುಟ್ಟೇ ಸುಡುತ್ತದೆ. ಆದರೆ ಪೆಟ್ಟಿಗೆ ಶಾಶ್ವತವಾಗಿ ಅಂಟಿಕೊಂಡಿರಬಾರದು. ಇವತ್ತಲ್ಲದಿದ್ದರೆ ಇನ್ನು ಕೆಲವು ವರ್ಷಕ್ಕೆ ಯಾವುದೋ ಜಾಯಿಂಟು ಸೋರುತ್ತದೆ. ಅವತ್ತು ಒಂದು ಸ್ಕ್ರೂಡ್ರೈವರಿನಿಂದ ಹತ್ತು ನಿಮಿಷದಲ್ಲಿ ಬಿಚ್ಚುವಂತಿರಬೇಕು, ಹಲಗೆ ಒಡೆಯುವಂತಿರಬಾರದು.

ಮೊದಲು ಬಿಸಿಯ ಲೆಕ್ಕ. 15 ಮಿ.ಮೀ.ನ ಬರಿಯ ಪೈಪು ಆ ಬಿಸಿಯಲ್ಲಿ ಮೀಟರಿಗೆ ಸುಮಾರು 30ರಿಂದ 40 ವ್ಯಾಟ್ ಶಾಖ ಬಿಡುತ್ತದೆ. ನಿಮ್ಮಲ್ಲಿ ಎರಡೂ ಸೇರಿ 8 ಮೀಟರ್, ಅಂದರೆ 250 ವ್ಯಾಟಿನಷ್ಟು. ರೇಡಿಯೇಟರ್ ಕೋಣೆಗೆ ತಕ್ಕಷ್ಟು ದೊಡ್ಡದಿದ್ದರೆ ಈ ಕೊರತೆಯನ್ನು ಅದೇ ತುಂಬಿಕೊಡುತ್ತದೆ. ಈಗಲೇ ಕೋಣೆ ಬೆಚ್ಚಗಾಗಲು ತಿಣುಕುತ್ತಿದ್ದರೆ ಮಾತ್ರ ಮುಚ್ಚಿದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಪೈಪಿಗೆ ಫೋಮ್ ಸುತ್ತದೆ ಬರೀ ಹಲಗೆ ಮುಚ್ಚಿದರೆ ಪೆಟ್ಟಿಗೆಯೊಳಗಿನ ಬಿಸಿಗಾಳಿ ಹೊರಗೋಡೆಯನ್ನು ಕಾಯಿಸುತ್ತದೆ, ಆ ಶಾಖ ಬೀದಿಯ ಪಾಲು. ಆದ್ದರಿಂದ 13 ಮಿ.ಮೀ. ದಪ್ಪದ ಫೋಮ್ ಕೊಳವೆ ಹಾಕಿಯೇ ಮುಚ್ಚಿ ಎಂಬುದು ನಮ್ಮ ಸಲಹೆ. ಎರಡು ಪೈಪುಗಳ ನಡುವೆ ಜಾಗ ಸಾಲದಿದ್ದರೆ 9 ಮಿ.ಮೀ.ನದು ಸಾಕು.

ಕೆಲಸ ಶುರು ಮಾಡುವ ಮುನ್ನ ಮೂರು ಸಂಗತಿ ನೋಡಿಕೊಳ್ಳಿ. ಪಕ್ಕದಲ್ಲಿ ಗ್ಯಾಸ್ ಪೈಪು ಇದೆಯೇ? ಇದ್ದರೆ ಅದನ್ನು ಗಾಳಿಯಾಡದ ಪೆಟ್ಟಿಗೆಯೊಳಗೆ ಸೇರಿಸುವಂತಿಲ್ಲ. ಸೋರಿದ ಗ್ಯಾಸ್ ಅಲ್ಲೇ ಶೇಖರವಾಗುತ್ತದೆ. ಪರವಾನಗಿ ಇರುವ ಗ್ಯಾಸ್ ಕೆಲಸಗಾರರನ್ನು ಕೇಳಿಯೇ ಮುಂದುವರಿಯಿರಿ. ಎರಡನೆಯದು, ರೇಡಿಯೇಟರಿನ ಥರ್ಮೋಸ್ಟ್ಯಾಟ್ ವಾಲ್ವು ಪೆಟ್ಟಿಗೆಯ ಒಳಗೆ ಬರಕೂಡದು. ಸುತ್ತಲಿನ ಗಾಳಿಯ ಬಿಸಿ ನೋಡಿ ನೀರು ನಿಲ್ಲಿಸುವುದೇ ಅದರ ಕೆಲಸ. ಪೆಟ್ಟಿಗೆಯೊಳಗೆ 40 ಡಿಗ್ರಿ ಕಂಡ ಕೂಡಲೇ ಅದು ಮುಚ್ಚಿಕೊಳ್ಳುತ್ತದೆ, ಕೋಣೆ ತಣ್ಣಗೇ ಉಳಿಯುತ್ತದೆ. ಮುಚ್ಚಿದ ಮೇಲೆ ರೇಡಿಯೇಟರ್ ಕೆಟ್ಟಿತು ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ನೀರು ಖಾಲಿ ಮಾಡುವ ನಲ್ಲಿಯನ್ನೂ ಹೊರಗೇ ಬಿಡಿ. ಮೂರನೆಯದು, ಡ್ರಿಲ್ ಮಾಡುವ ಗೋಡೆಯೊಳಗೆ ವಿದ್ಯುತ್ ತಂತಿ ಇದೆಯೇ ಎಂದು ಡಿಟೆಕ್ಟರಿನಿಂದ ಪರೀಕ್ಷಿಸಿ.

ಸಾಮಾನು: 12 ಮಿ.ಮೀ. ದಪ್ಪದ, ತೇವ ತಡೆಯುವ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), 2440×1220 ಮಿ.ಮೀ.ನ ಒಂದು ಹಲಗೆ. ಅಂಗಡಿಯಲ್ಲೇ 235 ಮಿ.ಮೀ. ಅಗಲದ ಎರಡು, 77 ಮಿ.ಮೀ. ಅಗಲದ ಎರಡು ಪಟ್ಟಿ ಕೊಯ್ಯಿಸಿ 2 ಮೀಟರಿಗೆ ಕತ್ತರಿಸಿಕೊಳ್ಳಿ. 25×25 ಮಿ.ಮೀ.ನ ಮರದ ರೀಪು, 2.4 ಮೀಟರಿನವು ನಾಲ್ಕು. ಗೋಡೆಗೆ 5×70 ಸ್ಕ್ರೂ ಮತ್ತು ಪ್ಲಗ್ಗು ಹತ್ತು. ಹಲಗೆಗೆ 4×30, ನೆಲಕ್ಕೆ 4×40 ಸ್ಕ್ರೂಗಳು. ಸ್ಕ್ರೂ ತಲೆಯ ಅಡಿಗೆ ಕೂರುವ ಹಿತ್ತಾಳೆಯ ಬಟ್ಟಲು ಹನ್ನೆರಡು. ಮರದ ಗೋಂದು, ಪ್ರೈಮರ್, ಬಣ್ಣ. ರೀಪುಗಳನ್ನು ತಂದ ದಿನವೇ ಬಳಸಬೇಡಿ. ಅದೇ ಕೋಣೆಯಲ್ಲಿ ನಾಲ್ಕೈದು ದಿನ ಒಣಗಲು ಬಿಡಿ. ಹಸಿ ರೀಪು ಪೈಪಿನ ಬಿಸಿಗೆ ಕುಗ್ಗಿ ತಿರುಚಿಕೊಳ್ಳುತ್ತದೆ, ಮೂಲೆಯ ಜೋಡಣೆ ಬಾಯಿಬಿಡುತ್ತದೆ.

ಎರಡು ರೀಪುಗಳನ್ನು 2 ಮೀಟರಿಗೆ ಕತ್ತರಿಸಿ, ಮೇಲಂಚು ನೆಲದಿಂದ ಸರಿಯಾಗಿ 240 ಮಿ.ಮೀ. ಬರುವಂತೆ ಗೋಡೆಗೆ ಬಿಗಿಯಿರಿ. ಸ್ಕ್ರೂಗಳ ನಡುವೆ 45 ಸೆಂ.ಮೀ. ಅಂತರ. 70 ಮಿ.ಮೀ. ಸ್ಕ್ರೂ ಯಾಕೆಂದರೆ ರೀಪು 25, ಗಿಲಾವು ಸುಮಾರು 15 ನುಂಗಿದ ಮೇಲೆ ಇಟ್ಟಿಗೆಯೊಳಗೆ 30 ಮಿ.ಮೀ. ಆದರೂ ಇಳಿಯಬೇಕು. 50ರದು ಹಾಕಿದರೆ ಇಟ್ಟಿಗೆಯೊಳಗೆ 10 ಮಿ.ಮೀ. ಮಾತ್ರ ಇಳಿದು ಆರು ತಿಂಗಳಿಗೆ ಅಲ್ಲಾಡುತ್ತದೆ. ಉಳಿದೆರಡು ರೀಪುಗಳನ್ನೂ 2 ಮೀಟರಿಗೆ ಕತ್ತರಿಸಿ, ಮೂಲೆಗೆ ಬೇಕು. ನಾಲ್ಕರಿಂದಲೂ ಉಳಿಯುವ ತುಂಡುಗಳಲ್ಲಿ 150 ಮಿ.ಮೀ.ನ ಎಂಟು ಸಿಗುತ್ತವೆ. ಅವನ್ನು ಮುಂಭಾಗ ಗೋಡೆಯಿಂದ 65 ಮಿ.ಮೀ. ದೂರಕ್ಕೆ ಬರುವಂತೆ, ಬಿಡಿಬಿಡಿಯಾಗಿ ನೆಲಕ್ಕೆ ಹೊಡೆಯಿರಿ. ಒಂದೇ ಉದ್ದದ ರೀಪು ಹಾಕಿದರೆ ಸೋರಿದ ನೀರು ಅದರ ಹಿಂದೆ ಕಟ್ಟಿಕೊಂಡು ನೆಲದ ಹಲಗೆ ಕೊಳೆತ ಮೇಲಷ್ಟೇ ಗೊತ್ತಾಗುತ್ತದೆ. ನಡುವೆ ಜಾಗವಿದ್ದರೆ ಮೊದಲ ದಿನವೇ ಹೊರಗೆ ಒದ್ದೆ ಕಾಣುತ್ತದೆ. ನೆಲಕ್ಕೆ 40 ಮಿ.ಮೀ.ಗಿಂತ ಉದ್ದದ ಸ್ಕ್ರೂ ಬೇಡವೇ ಬೇಡ. ಅಲ್ಲಿನ ನೆಲದ ಹಲಗೆ ಸುಮಾರು 18 ಮಿ.ಮೀ. ದಪ್ಪ, ಅದರ ಅಡಿಗೇ ಇನ್ನೊಂದು ಪೈಪೋ ತಂತಿಯೋ ಹೋಗಿರಬಹುದು.

ಈಗ ಪೆಟ್ಟಿಗೆ. 235ರ ಹಲಗೆಯ ಮೇಲಂಚಿಗೆ ಸಮವಾಗಿ ಹಿಂಬದಿಯಲ್ಲಿ ಮೂಲೆಯ ರೀಪನ್ನು ಗೋಂದು ಹಚ್ಚಿ 20 ಸೆಂ.ಮೀ.ಗೊಂದು ಸ್ಕ್ರೂ ಹಾಕಿ ಕೂರಿಸಿ. ಅದರ ಮೇಲೆ 77ರ ಹಲಗೆಯನ್ನು ಹಾಗೆಯೇ ಕೂರಿಸಿದರೆ ತಲೆಕೆಳಗಾದ ಎಲ್ ಆಕಾರ ಬರುತ್ತದೆ. ಇಂಥವು ಎರಡು. ಒಂದರ ತುದಿಗೆ ಒಳಗಿನಿಂದ 60 ಮಿ.ಮೀ. ಅಗಲದ ಪಟ್ಟಿಯನ್ನು ಅರ್ಧ ಹೊರಗೆ ಚಾಚುವಂತೆ ಅಂಟಿಸಿದರೆ ನಡುವಿನ ಜೋಡಣೆ ಏರುಪೇರಾಗುವುದಿಲ್ಲ. ಪೆಟ್ಟಿಗೆಯನ್ನು ರೀಪುಗಳ ಮೇಲೆ ಇಟ್ಟು, ಪೆಟ್ಟಿಗೆಯ ಪ್ರತಿ 2 ಮೀಟರ್ ಭಾಗಕ್ಕೆ ಮೇಲಿನಿಂದ ಮೂರು, ಮುಂದಿನಿಂದ ಮೂರು ಸ್ಕ್ರೂಗಳನ್ನು ಬಟ್ಟಲಿನ ಜೊತೆ ಬಿಗಿಯಿರಿ. ಕೆಳಗೆ 5 ಮಿ.ಮೀ. ಸಂದು ಉಳಿಯುತ್ತದೆ, ಅದು ಬೇಕು. ಸ್ಕ್ರೂ ತಲೆಗೆ ಪುಟ್ಟಿ ಹಚ್ಚಬೇಡಿ, ಗೋಡೆಯಂಚಿಗೆ ಸಿಲಿಕಾನ್ ತುಂಬಬೇಡಿ. ತುಂಬಿದರೆ ಬಿಚ್ಚುವಾಗ ಗೋಡೆಯ ಬಣ್ಣವೂ ಕಿತ್ತುಬರುತ್ತದೆ. ಗೋಡೆ ಡೊಂಕಾಗಿದ್ದು ಸಂದು ಕಾಣುತ್ತಿದ್ದರೆ ಸಣ್ಣ ಬೀಡಿಂಗ್ ಪಟ್ಟಿಯನ್ನು ಪೆಟ್ಟಿಗೆಗೆ ಮಾತ್ರ ಅಂಟಿಸಿ.

ಪೈಪು ಹೊರಬರುವ ತುದಿಯ ಮುಚ್ಚಳದಲ್ಲಿ ಬಿಗಿ ತೂತು ಕೊರೆಯಬೇಡಿ. 20 ಡಿಗ್ರಿಯಿಂದ 70ಕ್ಕೆ ಏರುವಾಗ 4 ಮೀಟರ್ ತಾಮ್ರ ಮೂರೂವರೆ ಮಿ.ಮೀ. ಹಿಗ್ಗುತ್ತದೆ. ಸುತ್ತ ಕನಿಷ್ಠ 5 ಮಿ.ಮೀ. ಬಿಟ್ಟು, ಕೆಳಗಿನಿಂದ ತೂರಿಸಲು ಬರುವಂತೆ ಸೀಳು ತೂತು ಮಾಡಿ.

ಬಣ್ಣ ಹಚ್ಚುವಾಗ ಒಳಮೈಗೂ ಒಂದು ಕೋಟ್ ಪ್ರೈಮರ್ ಕೊಡಿ. ಹೊರಮೈಗಷ್ಟೇ ಹಚ್ಚಿದ ಎಂಡಿಎಫ್ ಬಿಸಿಗೆ ಬಾಗುತ್ತದೆ. ಕೊಯ್ದ ಅಂಚುಗಳು ಪ್ರೈಮರನ್ನು ಹೀರಿಕೊಳ್ಳುವುದರಿಂದ ಅಲ್ಲಿಗೆ ಎರಡು ಸಲ ಹಚ್ಚಿ ನಡುವೆ ಉಪ್ಪುಕಾಗದದಿಂದ ಉಜ್ಜಿ. ಎಂಡಿಎಫ್ ಕೊಯ್ಯುವ ಕೆಲಸ ಮನೆಯ ಹೊರಗೆ, ಸಣ್ಣ ಹುಡಿಯನ್ನೂ ತಡೆಯುವ ಎಫ್‌ಎಫ್‌ಪಿ3 ಮಾಸ್ಕ್ ಹಾಕಿಕೊಂಡು ನಡೆಯಲಿ. ಆ ಹುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಗು ಹತ್ತಿರ ಸುಳಿಯುವುದೂ ಬೇಡ. ಎಲ್ಲವನ್ನೂ ಮುಚ್ಚುವ ಮುನ್ನ ಬಾಯ್ಲರನ್ನು ಒಂದು ಇಡೀ ದಿನ ಉರಿಸಿ, ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಒತ್ತಿ ನೋಡಿ.

ಪ್ರಶ್ನೆ: ಬರ್ಮಿಂಗ್‌ಹ್ಯಾಮ್‌ನಲ್ಲಿ 1970ರ ದಶಕದ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದೇವೆ. ಹೀಟಿಂಗ್ ಪೈಪುಗಳಿಗೆ ಹಳೆಯ ಪೆಟ್ಟಿಗೆ ಈಗಾಗಲೇ ಇದೆ. ಬೆಳಗ್ಗೆ ಹೀಟಿಂಗ್ ಶುರುವಾದ ಕೂಡಲೇ ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಬಿಚ್ಚಿ ಸರಿಪಡಿಸಬಹುದೇ?

ಉತ್ತರ: ದಯವಿಟ್ಟು ಮುಟ್ಟಬೇಡಿ. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ (ಶಾಖ ತಡೆಯುವ ಖನಿಜದ ನಾರು) ಸಂಪೂರ್ಣವಾಗಿ ನಿಷೇಧವಾದದ್ದು 1999ರಲ್ಲಿ. ಅದಕ್ಕಿಂತ ಹಿಂದಿನ ಕಟ್ಟಡಗಳಲ್ಲಿ ಪೈಪು ಮುಚ್ಚುವ ಹಲಗೆಗಳಿಗೂ ಪೈಪಿನ ಸುತ್ತುಗಳಿಗೂ ಅದನ್ನು ಧಾರಾಳವಾಗಿ ಬಳಸುತ್ತಿದ್ದರು. ನೋಡಿದರೆ ಮಾಮೂಲಿ ಬೂದು ಹಲಗೆಯಂತೆಯೇ ಇರುತ್ತದೆ, ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಹೇಳಲಾಗದು. ಮುರಿಯದೆ, ಕೊರೆಯದೆ ಇರುವವರೆಗೆ ಅಪಾಯ ಕಡಿಮೆ. ಸ್ಕ್ರೂ ಕೀಳುವಾಗ ಏಳುವ ನಾರು ಎದೆಗೆ ಇಳಿಯುವುದೇ ಅಪಾಯ. ಮನೆ ಮಾಲೀಕರಿಗೆ ಲಿಖಿತವಾಗಿ ತಿಳಿಸಿ, ಪರೀಕ್ಷೆ ಅವರೇ ಮಾಡಿಸಲಿ.

ಆಸ್ಬೆಸ್ಟಾಸ್ ಇಲ್ಲವೆಂದು ಖಚಿತವಾದ ಮೇಲೆ ಸದ್ದಿನ ವಿಷಯ ಸುಲಭ. ಹಿಗ್ಗುವ ಪೈಪು ಎಲ್ಲೋ ಮರಕ್ಕೋ ಕ್ಲಾಂಪಿಗೋ ಸಿಕ್ಕಿಕೊಂಡು, ತಡೆದು ತಡೆದು ಜಾರುತ್ತಿದೆ. ಉಜ್ಜುವ ಜಾಗಕ್ಕೆ ಫೆಲ್ಟ್ ಬಟ್ಟೆಯ ತುಂಡು ತೂರಿಸಿ, ಬಿಗಿ ಕ್ಲಾಂಪುಗಳನ್ನು ಸ್ವಲ್ಪ ಸಡಿಲಿಸಿದರೆ ನಿಲ್ಲುತ್ತದೆ. ಬಾಡಿಗೆ ಮನೆಯಲ್ಲಿ ಬೇರೆ ಯಾವುದಾದರೂ ಬಯಲು ಪೈಪು ಮುಚ್ಚಬೇಕೆಂದಿದ್ದರೆ, ಪೈಪಿಗೇ ಸಿಕ್ಕಿಸುವ ಬಿಳಿ ಪ್ಲಾಸ್ಟಿಕ್ ಕವಚ ಸಿಗುತ್ತದೆ. ಗೋಡೆಗೆ ತೂತು ಬೇಕಿಲ್ಲ, ಮನೆ ಬಿಡುವಾಗ ಕಳಚಿಕೊಂಡು ಹೋಗಬಹುದು.

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಎರಡಂತಸ್ತಿನ ಮನೆ. ಸೋಲಾರ್ ಬಿಸಿನೀರಿನ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪು ತಾರಸಿಯಿಂದ ಮನೆಯ ಮುಂಭಾಗದಲ್ಲೇ ಇಳಿದಿದೆ. ಬಡಗಿ ಪ್ಲೈವುಡ್ ಪೆಟ್ಟಿಗೆ ಮಾಡಿ ಲ್ಯಾಮಿನೇಟ್ ಹಾಕಿಕೊಡುತ್ತೇನೆ ಎನ್ನುತ್ತಾರೆ, ಪ್ಲಂಬರ್ ಗೋಡೆ ಕೊರೆದು ಒಳಗೆ ಹಾಕೋಣ ಎನ್ನುತ್ತಾರೆ. ಯಾವುದು ಸರಿ? ಮುಚ್ಚಿದರೆ ಬೆಳಗ್ಗೆ ಮೊದಲು ಬರುವ ತಣ್ಣೀರು ನಿಲ್ಲುತ್ತದೆಯೇ?

ಉತ್ತರ: ಎರಡೂ ಬೇಡ. ಮಳೆ ಬಿಸಿಲಿಗೆ ಒಡ್ಡಿದ ಪ್ಲೈವುಡ್ಡಿನ ಪದರಗಳು ಎರಡು ಮಳೆಗಾಲಕ್ಕೆ ಬಿಟ್ಟುಕೊಳ್ಳುತ್ತವೆ, ಗೆದ್ದಲಿಗೂ ದಾರಿಯಾಗುತ್ತದೆ. ಗೋಡೆಯೊಳಗೆ ಹಾಕಿದರೆ ಸೋರಿಕೆ ಕಾಣುವುದು ಬಣ್ಣ ಉಬ್ಬಿದ ಮೇಲೆಯೇ. ಹೊರಗಿನ ಪೈಪಿಗೆ 25×25 ಮಿ.ಮೀ. ಅಲ್ಯುಮಿನಿಯಂ ಆ್ಯಂಗಲ್ ಚೌಕಟ್ಟು, ಅದರ ಮೇಲೆ 4 ಮಿ.ಮೀ. ಎಸಿಪಿ ಹಾಳೆ (ನಡುವೆ ಪ್ಲಾಸ್ಟಿಕ್, ಎರಡು ಬದಿಗೂ ಅಲ್ಯುಮಿನಿಯಂ ಇರುವ ಹಾಳೆ), ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಇಷ್ಟು ಸಾಕು. ಮುಕ್ಕಾಲು ಇಂಚಿನ ಪೈಪು 22 ಮಿ.ಮೀ., ಅದಕ್ಕೆ 13 ಮಿ.ಮೀ. ನೈಟ್ರೈಲ್ ರಬ್ಬರ್ ಸುತ್ತಿದರೆ 48 ಆಗುತ್ತದೆ. ಪೆಟ್ಟಿಗೆಯ ಒಳಅಳತೆ 75×75 ಇಡಿಸಿ. ಆ ರಬ್ಬರ್ ಬಿಸಿಲಿಗೆ ಪುಡಿಯಾಗುವ ವಸ್ತು, ಪೆಟ್ಟಿಗೆ ಅದಕ್ಕೂ ನೆರಳು. ಪೈಪಿಗೆ ಬಣ್ಣ ಹಚ್ಚುವುದಿದ್ದರೆ ನೀರಿನಲ್ಲಿ ಕಲಸುವ ಬಣ್ಣವನ್ನೇ ಹಚ್ಚಿಸಿ.

ಸಿಪಿವಿಸಿ ತಾಮ್ರಕ್ಕಿಂತ ಮೂರೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ. ರಾತ್ರಿ 20 ಡಿಗ್ರಿಯಲ್ಲಿದ್ದ 10 ಮೀಟರ್ ಪೈಪು 60 ಡಿಗ್ರಿಯ ನೀರು ಹರಿದಾಗ ಸುಮಾರು 25 ಮಿ.ಮೀ. ಉದ್ದವಾಗುತ್ತದೆ. ಎಲ್ಲ ಕ್ಲಾಂಪುಗಳನ್ನೂ ಬಿಗಿದುಬಿಟ್ಟರೆ ಪೈಪು ಬಿಲ್ಲಿನಂತೆ ಬಾಗಿ ಎಲ್ಬೋ ಜಾಯಿಂಟು ಬಿರಿಯುತ್ತದೆ. ನಡುವಿನಲ್ಲಿ ಒಂದೇ ಕ್ಲಾಂಪು ಬಿಗಿಯಾಗಿರಲಿ, ಉಳಿದವು ಮೀಟರಿಗೊಂದರಂತೆ ಪೈಪು ಜಾರುವಷ್ಟು ಸಡಿಲವಾಗಿರಲಿ.

ತಣ್ಣೀರಿನ ವಿಷಯಕ್ಕೆ ಬಂದರೆ, ಈ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಲ್ಲುತ್ತದೆ. ತಾರಸಿಯಿಂದ ಬಚ್ಚಲಿಗೆ 15 ಮೀಟರ್ ಇದ್ದರೆ 4 ಲೀಟರಿನಷ್ಟು. ರಾತ್ರಿಯೆಲ್ಲ ನಿಂತ ನೀರು ಎಷ್ಟು ಸುತ್ತಿದರೂ ಬೆಳಗ್ಗೆಗೆ ಆರುತ್ತದೆ, ಆದ್ದರಿಂದ ಮೊದಲ ಸಲ ಅಷ್ಟು ನೀರು ಹೋಗಿಯೇ ಹೋಗುತ್ತದೆ. ಲಾಭ ಕಾಣುವುದು ಒಬ್ಬರ ಸ್ನಾನ ಮುಗಿದು ಇನ್ನೊಬ್ಬರು ಹೋಗುವ ನಡುವೆ. ಅರ್ಧ ಗಂಟೆಯ ಅಂತರದಲ್ಲಿ ನೀರು ಬಿಸಿಯಾಗಿಯೇ ಸಿಗುತ್ತದೆ.

ಪೆಟ್ಟಿಗೆಯ ಮೇಲ್ತುದಿಗೆ ಇಳಿಜಾರು ಮುಚ್ಚಳ ಹಾಕಿಸಿ ಗೋಡೆಯ ಕಡೆಗೆ ಸಿಲಿಕಾನ್ ಕೊಡಿಸಿ. ಕೆಳತುದಿ ತೆರೆದೇ ಇರಲಿ, ಅದಕ್ಕೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಬಿಗಿಸಿದರೆ ಹಲ್ಲಿ, ಕಣಜ ಸೇರುವುದಿಲ್ಲ. ತಾರಸಿಯ ಮೇಲೆ ಟ್ಯಾಂಕಿನಿಂದ ನೆಟ್ಟಗೆ ಎದ್ದಿರುವ ಗಾಳಿ ಪೈಪನ್ನು ಮಾತ್ರ ಯಾರು ಹೇಳಿದರೂ ಮುಚ್ಚಿಸಬೇಡಿ. ಅದರ ಬಾಯಿ ಕಟ್ಟಿದರೆ ಉಗಿಯ ಒತ್ತಡಕ್ಕೂ, ನೀರು ಇಳಿಯುವಾಗ ಉಂಟಾಗುವ ಎಳೆತಕ್ಕೂ ಟ್ಯಾಂಕೇ ಹಾಳಾಗುತ್ತದೆ.