ಐವತ್ತೇಳು ದೇಶ ಬಿಡಿ, ಒಂದು ರೊಟ್ಟಿ ಹಿಡಿಯಿರಿ

ನಮಸ್ಕಾರ.

ನೀವು ನಮಗೆ ಕಳಿಸಿದ ‘ಮುಸ್ಲಿಂ ರಾಷ್ಟ್ರಗಳ ಆರ್ಥಿಕ ಸವಾಲುಗಳು’ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಭಾಷೆ ಹದವಾಗಿದೆ, ಹರವು ಅತಿಯಾಗಿದೆ. ಇಸ್ಲಾಮಿಕ್ ಸಹಕಾರ ಸಂಘಟನೆಯ 57 ದೇಶಗಳನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ಅನಿಲ ಮಾರುವ ಕತಾರ್‌ಗೂ ಮಳೆ ನಂಬಿ ಸಜ್ಜೆ ಬಿತ್ತುವ ನೈಜರ್‌ಗೂ ಸರಾಸರಿ ತೆಗೆದರೆ ಆ ಅಂಕಿ ಇಬ್ಬರಿಗೂ ಸಲ್ಲದು. ಮೂರನೇ ಪುಟದಲ್ಲಿ ಎಲ್ಲಕ್ಕೂ ಧರ್ಮ ಕಾರಣ, ಐದನೆಯದರಲ್ಲಿ ಪಶ್ಚಿಮದ ಸಂಚು ಕಾರಣ. ಎರಡನ್ನೂ ಹೊಡೆದುಹಾಕಿ.

ನೀವು ಎರಡೇ ಸಾಲಿನಲ್ಲಿ ಮುಗಿಸಿದ ಈಜಿಪ್ಟ್‌ನಲ್ಲೇ ಲೇಖನವಿದೆ. 2022ರ ಫೆಬ್ರವರಿಯಿಂದ ಆರಂಭಿಸಿ. ಉಕ್ರೇನ್ ಯುದ್ಧದಿಂದ ಗೋಧಿ ದುಬಾರಿಯಾಯಿತು. ಈಜಿಪ್ಟ್ ತರಿಸುತ್ತಿದ್ದ ಗೋಧಿಯ ಬಹುಪಾಲು ರಷ್ಯಾ, ಉಕ್ರೇನ್‌ಗಳದ್ದು. ಬಡ್ಡಿಯಾಸೆಗೆ ಸರ್ಕಾರಿ ಸಾಲಪತ್ರ ಕೊಂಡಿದ್ದ ವಿದೇಶಿಯರು ಡಾಲರ್ ಎತ್ತಿಕೊಂಡು ಹೊರಟರು. ಡಾಲರಿಗೆ ಸುಮಾರು 16 ಪೌಂಡ್ ಇದ್ದದ್ದು 2023ರ ಆರಂಭಕ್ಕೆ 30 ಆಯಿತು.

ಇಲ್ಲಿಂದ ಮುಂದೆ ನಿಧಾನಿಸಿ. ಸರ್ಕಾರ ದರವನ್ನು 31ರ ಹತ್ತಿರ ಬಿಗಿಹಿಡಿಯಿತು. 2024ರ ಜನವರಿಯಲ್ಲಿ ಕಾಳಸಂತೆಯ ದರ 60 ದಾಟಿತು. ಹೊರಗೆ ದುಪ್ಪಟ್ಟು ಸಿಗುವಾಗ ಗಲ್ಫ್‌ನಲ್ಲಿ ದುಡಿಯುವ ಈಜಿಪ್ಟಿನವನು ಬ್ಯಾಂಕಿನ ಮೂಲಕ ಯಾಕೆ ಕಳಿಸಿಯಾನು? (ಭಟ್ಕಳ, ಉಡುಪಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಡಾಲರ್ ಬಾರದೆ ಬ್ಯಾಂಕುಗಳು ಎಲ್‌ಸಿ (ಆಮದಿಗೆ ಬ್ಯಾಂಕ್ ಕೊಡುವ ಪಾವತಿ ಖಾತರಿ) ತೆರೆಯಲು ಸತಾಯಿಸಿದವು, ಸರಕು ಬಂದರಿನಲ್ಲೇ ಕೂತಿತು. ಅದರ ಮೇಲೆ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರ ದಾಳಿ, ಹಡಗುಗಳು ಬೇರೆ ದಾರಿ ಹಿಡಿದವು: ಸೂಯೆಜ್ ಕಾಲುವೆಯ ಆದಾಯ 2023ರ ಸುಮಾರು 1,000 ಕೋಟಿ ಡಾಲರ್‌ನಿಂದ ಮರುವರ್ಷ 400 ಕೋಟಿಗೆ ಕುಸಿಯಿತು. 2024ರ ಮಾರ್ಚ್‌ನಲ್ಲಿ ಬಿಗಿ ಸಡಿಲಿಸಿದಾಗ ಡಾಲರ್ 50 ಪೌಂಡ್‌ನ ಆಸುಪಾಸಿಗೆ ಬಂತು, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲ 300ರಿಂದ 800 ಕೋಟಿ ಡಾಲರ್‌ಗೇರಿತು.

ತಪ್ಪುಗಳನ್ನೂ ತಿದ್ದಿ. ಒಂದು ಬಿಲಿಯನ್ ಅಂದರೆ 100 ಕೋಟಿ; ನಿಮ್ಮಲ್ಲಿ ಎರಡು ಕಡೆ 10 ಆಗಿದೆ. ಈಜಿಪ್ಟ್ ಕರಾವಳಿಯ ರಾಸ್ ಅಲ್ ಹಿಕ್ಮಾದಲ್ಲಿ ನಗರ ಕಟ್ಟುವ ಒಪ್ಪಂದದಲ್ಲಿ ಎಮಿರೇಟ್ಸ್ ಕೊಟ್ಟ 3,500 ಕೋಟಿ ಡಾಲರ್ ಪೂರ್ತಿ ಹೊಸ ಹಣವಲ್ಲ. 1,100 ಕೋಟಿ ಅದು ಮೊದಲೇ ಈಜಿಪ್ಟ್‌ನಲ್ಲಿ ಇಟ್ಟಿದ್ದ ಠೇವಣಿ. ಈಜಿಪ್ಟ್‌ನ ಹಣಕಾಸು ವರ್ಷ ಜುಲೈಗೆ ಶುರು, ಕ್ಯಾಲೆಂಡರ್ ವರ್ಷದ ಅಂಕಿಯ ಜೊತೆ ಬೆರೆಸಬೇಡಿ. ಹಣದುಬ್ಬರ ಶೇ 38ರಿಂದ ಕೆಳಗಿಳಿದರೆ ಬೆಲೆ ಇಳಿಯಿತು ಅಂತಲ್ಲ, ಏರುವ ವೇಗ ತಗ್ಗಿತು ಅಷ್ಟೆ.

900 ಪದ ಸಾಕು. ಮೊದಲ ಸಾಲಿನಲ್ಲೇ ರೊಟ್ಟಿ ಬರಲಿ: ಈಜಿಪ್ಟ್‌ನ ಪಡಿತರದ ಬಲಾದಿ (ಅಲ್ಲಿನ ದಿನನಿತ್ಯದ ಗೋಧಿ) ರೊಟ್ಟಿಗೆ ಮೂವತ್ತು ವರ್ಷಕ್ಕೂ ಮೀರಿ ಕದಲದಿದ್ದ 5 ಪಿಯಾಸ್ತರ್ (ಪೌಂಡಿನ ನೂರನೇ ಒಂದು ಭಾಗ) ದರ 2024ರ ಜೂನ್‌ನಲ್ಲಿ 20 ಆಯಿತು. ಅದನ್ನು ಸುಡಲು ಸರ್ಕಾರವೇ ಹೇಳಿದ ಖರ್ಚು 125. ಉಳಿದ 105 ಎಲ್ಲಿಂದ ಬರುತ್ತದೆ, ಯಾರು ತೆರುತ್ತಾರೆ ಎಂದು ಬರೆದು ಕಳಿಸಿ.

— ಸಂಪಾದಕ