ಮಂಟಪ ಮುಳುಗುವ ಮೊದಲು ಕೇಳಬೇಕಾದ್ದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಗಾರು ಹತ್ತಿರವಾದಂತೆ ಶಿವಮೊಗ್ಗ ಮತ್ತು ಸುತ್ತಲಿನ ಊರುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ನೆರೆ, ನಗರದ ಹೊಸ ಕಾಮಗಾರಿಗಳು ಮತ್ತು ಪರಿಹಾರದ ಬಗ್ಗೆಯೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ನಮ್ಮ ಬೀದಿಗೆ ಕಾಂಕ್ರೀಟ್ ರಸ್ತೆಯಾಗಿದೆ, ಚರಂಡಿಯ ಮೇಲೆ ಚಪ್ಪಡಿ ಬಂದಿದೆ, ನೋಡಲು ಅಂದವಾಗಿದೆ. ಆದರೆ ರಸ್ತೆ ನಮ್ಮ ಹೊಸ್ತಿಲಿಗಿಂತ ಎತ್ತರವಾಗಿರುವುದರಿಂದ ಒಂದು ಜೋರು ಮಳೆಗೇ ನೀರು ಜಗುಲಿ ಹತ್ತುತ್ತಿದೆ. ಒಂದು ಕಚೇರಿಗೆ ಹೋದರೆ ಇನ್ನೊಂದರ ಕಡೆ ಕೈ ತೋರಿಸುತ್ತಾರೆ. ಹೊಣೆ ಯಾರದು?
— ಹಳೆಯ ಬಡಾವಣೆಯ ಓದುಗರು, ಶಿವಮೊಗ್ಗ

ಉತ್ತರ: ಕೈ ತೋರಿಸುವುದಕ್ಕೆ ಅವಕಾಶ ಮಾಡಿಕೊಟ್ಟದ್ದು ಈ ಕಾಮಗಾರಿಗಳು ನಡೆದ ವ್ಯವಸ್ಥೆಯೇ. ಇಂಥ ಕಾಮಗಾರಿಗಳ ಹಿಂದಿರುವುದು ಸ್ಮಾರ್ಟ್ ಸಿಟಿ ಎಂಬ ಕೇಂದ್ರದ ನಗರಾಭಿವೃದ್ಧಿ ಯೋಜನೆ. ಶಿವಮೊಗ್ಗ ಅದರ ಪಟ್ಟಿಗೆ ಸೇರಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಆ ಯೋಜನೆಯ ಮಾರ್ಗಸೂಚಿಯ ಪ್ರಕಾರ ಕೆಲಸ ನಡೆಸಬೇಕಾದದ್ದು ಪಾಲಿಕೆಯಲ್ಲ, ರಾಜ್ಯ ಸರ್ಕಾರ ಮತ್ತು ಪಾಲಿಕೆ ಸಮಪಾಲು ಬಂಡವಾಳ ಹೊಂದಿರುವ ಒಂದು ಪ್ರತ್ಯೇಕ ಕಂಪನಿ. ಯೋಜನೆಗೆ ಸಂಬಂಧಿಸಿದ ಮಟ್ಟಿಗೆ ಪಾಲಿಕೆಯ ಅಧಿಕಾರಗಳನ್ನೂ ಆ ಕಂಪನಿಗೆ ವಹಿಸಿಕೊಡಲು ಮಾರ್ಗಸೂಚಿಯಲ್ಲಿ ಅವಕಾಶವಿತ್ತು. ಹೀಗಾಗಿ ನೀವು ಮತ ಹಾಕಿ ಕಳಿಸಿದ ಸದಸ್ಯರು ಕುಳಿತಿದ್ದ ಸಭೆ ಒಂದೆಡೆ, ನಿಮ್ಮ ಬೀದಿಯ ನಕ್ಷೆಗೆ ಒಪ್ಪಿಗೆ ಕೊಟ್ಟ ಮೇಜು ಇನ್ನೊಂದೆಡೆ ಆಯಿತು. ಕೇಂದ್ರದ ಈ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಕಟ್ಟಿದ್ದನ್ನು ಇನ್ನು ಮುಂದೆ ಗುಡಿಸಿ, ತೊಳೆದು, ದುರಸ್ತಿ ಮಾಡುವ ಹೊರೆ ಪಾಲಿಕೆಯ ಹೆಗಲಿಗೇ ಬರುತ್ತದೆ.

ಆದ್ದರಿಂದ ನೀವು ಎರಡು ಕಾಗದಗಳನ್ನು ಕೇಳಬೇಕು. ಮೊದಲನೆಯದು ನಿಮ್ಮ ಬೀದಿಯ ಹಸ್ತಾಂತರ ಪತ್ರ. ಅದರಲ್ಲಿ ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ ಯಾವ ದಿನ ಮುಗಿಯುತ್ತದೆ ಎಂಬುದನ್ನು ನೋಡಿಕೊಳ್ಳಿ. ಆ ದಿನ ದಾಟದಿದ್ದರೆ ಕಳಪೆ ಕೆಲಸವನ್ನು ಸರಿಪಡಿಸುವ ಖರ್ಚು ಗುತ್ತಿಗೆದಾರರದು, ದಾಟಿದರೆ ನಿಮ್ಮ ತೆರಿಗೆಯದು. ಎರಡನೆಯದು ಮಟ್ಟಗಳ ನಕ್ಷೆ, ಅಂದರೆ ರಸ್ತೆಯ ಮೇಲ್ಮೈ, ಚರಂಡಿಯ ತಳ ಮತ್ತು ಚರಂಡಿ ಕೊನೆಗೆ ಹೋಗಿ ಸೇರುವ ರಾಜಕಾಲುವೆಯ ತಳ ಎಷ್ಟೆಷ್ಟು ಎತ್ತರದಲ್ಲಿವೆ ಎಂಬ ಲೆಕ್ಕ. ಚಪ್ಪಡಿಯ ಬಣ್ಣ, ದೀಪದ ಕಂಬಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಈ ಒಂದು ಹಾಳೆಯನ್ನು ಬಿಡಿಸಿ ನೋಡುವುದು ಅಪರೂಪ. ಹಳೆಯ ರಸ್ತೆಯನ್ನು ಅಗೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಸುರಿದರೆ ಬೀದಿ ಏರುತ್ತದೆ, ಮನೆ ತಾನಿದ್ದಲ್ಲೇ ತಗ್ಗಾಗುತ್ತದೆ. ನಿಮ್ಮ ಜಗುಲಿಯ ಪ್ರಶ್ನೆಗೆ ಉತ್ತರ ಆ ಹಾಳೆಯಲ್ಲಿರುತ್ತದೆ. ಹಾಳೆಯೇ ಇಲ್ಲವೆಂದರೆ ಅದೂ ಒಂದು ಉತ್ತರವೇ.

ಚರಂಡಿ ಪಾಲಿಕೆಯದು, ನಗರದ ನಡುವೆ ಹಾದುಹೋಗುವ ತುಂಗಾ ನಾಲೆ ನೀರಾವರಿ ನಿಗಮದ್ದು, ಹೊಸ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ನೀರಿಗೆ ಮಾತ್ರ ಈ ಗಡಿಗಳು ಗೊತ್ತಿಲ್ಲ. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬಹುದಾದ ಜಾಗವೆಂದರೆ ಪಾಲಿಕೆಯ ಸಭೆ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, 1976ರಲ್ಲಿ ನಗರ ಯೋಜನೆಗೊಂದು, ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯಕ್ಕೊಂದು, ತೆರಿಗೆ ಮತ್ತು ಹಣಕಾಸಿಗೊಂದು, ಲೆಕ್ಕಪತ್ರಕ್ಕೊಂದು ಸ್ಥಾಯಿ ಸಮಿತಿ ಇರುವುದು ಈ ಕೆಲಸಕ್ಕಾಗಿಯೇ.

ಪ್ರಶ್ನೆ: ಗಾಜನೂರಿನಲ್ಲಿ ಗೇಟು ಎತ್ತಿದ ಕೂಡಲೇ ನಮ್ಮ ಮನೆಗಳಿಗೆ ನೀರು ಬರುತ್ತದೆ. ಮಳೆ ಜೋರಾದಾಗ ಸ್ವಲ್ಪ ಹೊತ್ತು ನೀರು ತಡೆದು ನಿಲ್ಲಿಸುವಂತೆ ಪಾಲಿಕೆ ಒತ್ತಾಯಿಸಲು ಸಾಧ್ಯವಿಲ್ಲವೇ?
— ನದಿ ದಂಡೆಯ ಬಡಾವಣೆಯ ಓದುಗರು, ಶಿವಮೊಗ್ಗ

ಉತ್ತರ: ಒತ್ತಾಯಿಸಬಹುದು, ಆದರೆ ಪ್ರಯೋಜನವಿಲ್ಲ. ಲೆಕ್ಕ ಹಾಕಿ ನೋಡೋಣ. ಗಾಜನೂರಿನ ತುಂಗಾ ಜಲಾಶಯದ ಪೂರ್ಣ ಮಟ್ಟ 588.24 ಮೀಟರ್, ಸಾಮರ್ಥ್ಯ 3.24 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಭದ್ರಾ ಜಲಾಶಯದ್ದು 71.5 ಟಿಎಂಸಿ, ಲಿಂಗನಮಕ್ಕಿಯದು 151 ಟಿಎಂಸಿಗೂ ಹೆಚ್ಚು. ಅವುಗಳ ಪಕ್ಕದಲ್ಲಿ ಗಾಜನೂರು ಒಂದು ಕೊಡ. ದಿನವಿಡೀ 11,574 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ಹರಿದರೆ ಒಂದು ಟಿಎಂಸಿ. ಹಾಗಾದರೆ ಒಳಹರಿವು 80,000 ಕ್ಯೂಸೆಕ್ ಇರುವಾಗ ತಳ ಕಾಣುವಷ್ಟು ಬರಿದಾದ ಗಾಜನೂರು ಕೂಡ ಸುಮಾರು ಹನ್ನೊಂದು ಗಂಟೆಯಲ್ಲಿ ತುಂಬಿಬಿಡುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಅದು ಬರಿದಾಗಿರುವುದೇ ಇಲ್ಲ, ಮುಂಗಾರಿನ ಮೊದಲ ವಾರಗಳಲ್ಲೇ ತುಂಬಿರುತ್ತದೆ. ಅದನ್ನು ಕಟ್ಟಿರುವುದು ನಾಲೆಗೆ ನೀರು ಹಾಯಿಸುವುದಕ್ಕೆ, ನೆರೆ ತಡೆಯುವುದಕ್ಕಲ್ಲ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಯ ಕಡೆ ಸುರಿದದ್ದು ಬಂದ ಹಾಗೆಯೇ ಮುಂದೆ ಸಾಗಬೇಕು. ಗೇಟು ತೆರೆದವರನ್ನು ಬಯ್ಯುವುದರಲ್ಲಿ ನಾವು ಕಳೆಯುವ ಹೊತ್ತನ್ನು ಮೇಲಿನ ಮಳೆಯ ಮಾಹಿತಿ ಕೆಳಗಿನ ಬೀದಿಗೆ ಎಷ್ಟು ಬೇಗ ಮುಟ್ಟುತ್ತದೆ ಎಂದು ಕೇಳುವುದಕ್ಕೆ ಬಳಸುವುದು ಒಳ್ಳೆಯದು.

ಇನ್ನೊಂದು ಸಂಗತಿಯನ್ನು ಗಮನಿಸಿ. 2019ರ ಆಗಸ್ಟ್‌ನಲ್ಲಿ ನೀರು ನುಗ್ಗಿದಾಗ ಅನೇಕರು ಅದು ನದಿಯ ಕಡೆಯಿಂದ ಬರಲಿಲ್ಲ, ಹಿತ್ತಿಲ ಚರಂಡಿಯಿಂದ ಉಕ್ಕಿತು ಎಂದು ಹೇಳಿದರು. ಅದು ಭ್ರಮೆಯಲ್ಲ. ಹೊಳೆಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿದರೆ ಊರಿನ ಮಳೆನೀರು ಹೊಳೆಗೆ ಇಳಿಯಲಾರದು. ಹೊಳೆಯೇ ಚರಂಡಿಯ ದಾರಿ ಹಿಡಿದು ಒಳಗೆ ಬರುತ್ತದೆ. ದಂಡೆಗೆ ಎತ್ತರದ ಗೋಡೆ ಕಟ್ಟಿದರೂ ಇದು ನಿಲ್ಲುವುದಿಲ್ಲ, ಒಳಗೆ ಸೇರಿದ ನೀರಿಗೆ ಹೊರಹೋಗುವ ದಾರಿಯನ್ನು ಗೋಡೆಯೇ ಮುಚ್ಚುವುದೂ ಉಂಟು. ಆದಕಾರಣ ತುಂಗೆಯ ದಡದಲ್ಲಿ ನಡಿಗೆ ಪಥ, ಉದ್ಯಾನ, ತಡೆಗೋಡೆ ಯಾವುದನ್ನು ಕಟ್ಟಿದಾಗಲೂ ಕೇಳಬೇಕಾದ ಪ್ರಶ್ನೆಗಳು ಇವು: ಹೊಳೆಗೆ ಬೀಳುವ ಪ್ರತಿಯೊಂದು ಚರಂಡಿಯ ಬಾಯಿಗೆ ನೀರು ಹಿಂದಕ್ಕೆ ನುಗ್ಗದಂತೆ ತಾನೇ ಮುಚ್ಚಿಕೊಳ್ಳುವ ಕದವಿದೆಯೇ? ಅದು ಮುಚ್ಚಿದ್ದಾಗ ಒಳಗಿನ ನೀರನ್ನು ಎತ್ತಿ ಹಾಕಲು ಪಂಪ್ ಇದೆಯೇ? ಆ ಪಂಪ್ ಕಳೆದ ಬಾರಿ ಯಾವ ದಿನ ಓಡಿತ್ತು, ಕರೆಂಟು ಹೋದರೆ ಡೀಸೆಲ್ ಯಾರು ತರುತ್ತಾರೆ? ಕೊನೆಯದು ಸಣ್ಣ ಮಾತೆನಿಸಬಹುದು, ಆದರೆ ಮಳೆಗಾಲದ ರಾತ್ರಿ ಕರೆಂಟಿನ ಸ್ಥಿತಿ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ.

ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪ ಮುಳುಗಿತೇ ಎಂದು ನೋಡಿಕೊಂಡು ಬರುವುದು ಊರಿನ ಹಳೆಯ ರೂಢಿ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಲ್ಲಿ ನಾನಿಲ್ಲ. ಅದು ಓದು ಬಾರದವರೂ ಓದಬಲ್ಲ ಅಳತೆಗೋಲು. ಮಂಟಪದ ಯಾವ ಮಟ್ಟಕ್ಕೆ ನೀರು ಬಂದರೆ ಯಾವ ಬೀದಿಯ ಚರಂಡಿ ಹಿಮ್ಮುಖವಾಗುತ್ತದೆ ಎಂಬುದನ್ನು ಪಾಲಿಕೆ ಒಂದು ಫಲಕದಲ್ಲಿ ಬರೆಸಿ ಕುಂಬಾರಗುಂಡಿ, ಇಮಾಂಬಾಡ, ವಿದ್ಯಾನಗರದಂಥ ಕಡೆ ನಿಲ್ಲಿಸಿದರೆ ದುಬಾರಿ ಪರದೆಗಳಿಗಿಂತ ಹೆಚ್ಚು ಉಪಯೋಗವಾದೀತು.

ಪ್ರಶ್ನೆ: ನಮ್ಮದು ಬಾಡಿಗೆ ಮನೆ, ಅತ್ತೆಗೆ ನಡೆಯಲಾಗುವುದಿಲ್ಲ. ಹಿಂದಿನ ನೆರೆಯಲ್ಲಿ ಕಾಳಜಿ ಕೇಂದ್ರದ ಮೆಟ್ಟಿಲು ಹತ್ತಿಸಲಾಗದೆ ನೆಂಟರ ಮನೆಗೆ ಹೋದೆವು. ಪರಿಹಾರ ಮನೆ ಮಾಲೀಕರಿಗೆ ಮಾತ್ರ ಎಂದರು. ಇದು ಸರಿಯೇ?
— ಗೃಹಿಣಿಯೊಬ್ಬರು, ಶಿವಮೊಗ್ಗ

ಉತ್ತರ: ಗೋಡೆ ಬಿದ್ದದ್ದಕ್ಕೆ ಕೊಡುವ ಹಣ ಬೇರೆ, ಪಾತ್ರೆ ಬಟ್ಟೆ ಹಾಳಾದದ್ದಕ್ಕೆ ಕೊಡುವ ಹಣ ಬೇರೆ. 2019ರಲ್ಲಿ ನೀರು ನುಗ್ಗಿದ ಮನೆಯ ಕುಟುಂಬಕ್ಕೆ ಕೊಟ್ಟ 10,000 ರೂಪಾಯಿಯನ್ನು ಬಿಡಿಸಿ ನೋಡಿದರೆ, ವಿಪತ್ತು ನಿಧಿಯ ನಿಯಮದಂತೆ ಬಟ್ಟೆಗೆ 1,800, ಪಾತ್ರೆಗೆ 2,000, ಉಳಿದ 6,200 ರಾಜ್ಯ ಸರ್ಕಾರ ಸೇರಿಸಿದ್ದು. ಬಟ್ಟೆಯೂ ಪಾತ್ರೆಯೂ ಮನೆಯೊಳಗೆ ಬದುಕುವವರವು, ಊರಾಚೆ ಇರುವ ಮಾಲೀಕರವಲ್ಲ. ಬಾಡಿಗೆದಾರರನ್ನು ಹೊರಗಿಡುವುದಕ್ಕೆ ಈ ಲೆಕ್ಕದಲ್ಲಿ ನನಗೆ ಯಾವ ಆಧಾರವೂ ಕಾಣುವುದಿಲ್ಲ. ಮುಂದೆ ಅಂಥ ಸಂದರ್ಭ ಬಂದರೆ ನೀರು ಇಳಿಯುವ ಮೊದಲೇ ಫೋಟೋ ತೆಗೆದಿಡಿ, ಪಡಿತರ ಚೀಟಿ ಮತ್ತು ಬಾಡಿಗೆ ಕರಾರಿನ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಎತ್ತರದ ಕಪಾಟಿನಲ್ಲಿಡಿ, ಸಮೀಕ್ಷೆಗೆ ಬಂದವರಿಂದ ನಿಮ್ಮ ಹೆಸರನ್ನೇ ಬರೆಸಿಕೊಳ್ಳಿ.

ಮೆಟ್ಟಿಲಿನ ವಿಷಯ ಹಣಕ್ಕಿಂತ ದೊಡ್ಡದು. ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಕಾಳಜಿ ಕೇಂದ್ರದಂಥ ಪರಿಹಾರ ಕೇಂದ್ರಗಳಲ್ಲಿ ವಸತಿ, ಆಹಾರ, ಕುಡಿಯುವ ನೀರು, ವೈದ್ಯಕೀಯ ನೆರವು, ಶೌಚ ವ್ಯವಸ್ಥೆಯ ಕನಿಷ್ಠ ಮಟ್ಟಕ್ಕೆ ಮಾರ್ಗಸೂಚಿ ಇರಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರದ ಮೇಲ್ವಿಚಾರಣೆಯಲ್ಲಿ ಸ್ಥಳೀಯ ಸಂಸ್ಥೆಯೂ ತನ್ನದೇ ವಿಪತ್ತು ಯೋಜನೆ ಸಿದ್ಧಪಡಿಸಬೇಕು. ಆ ಯೋಜನೆಯಲ್ಲಿ ಕೇಂದ್ರಗಳ ಪಟ್ಟಿ ಇದ್ದರೆ ಸಾಲದು. ಇಳಿಜಾರು ದಾರಿ, ನೆಲಮಟ್ಟದ ಕೋಣೆ, ಕಮೋಡ್ ಎಲ್ಲಿವೆ, ಹಾಸಿಗೆ ಹಿಡಿದವರು ಯಾವ ಬೀದಿಯಲ್ಲಿದ್ದಾರೆ ಎಂಬುದೂ ಇರಬೇಕು. ಈ ವಿವರ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಬಾಯಿಪಾಠವಾಗಿರುತ್ತದೆ. ಅವರನ್ನು ಕೂರಿಸಿಕೊಂಡು ಬರೆದುಕೊಳ್ಳುವವರು ಬೇಕು. ಹಣವಿಲ್ಲ ಎಂಬ ಉತ್ತರವನ್ನೂ ಕೂಡಲೇ ಒಪ್ಪಬೇಡಿ. ನಗರ ಸ್ಥಳೀಯ ಸಂಸ್ಥೆಗಳು ಅಂಗವಿಕಲರ ಕಲ್ಯಾಣಕ್ಕೆಂದು ಶೇ 5ರಷ್ಟು ಹಣ ಮೀಸಲಿಡುವ ಪದ್ಧತಿ ನಮ್ಮಲ್ಲಿದೆ; ಕಾಳಜಿ ಕೇಂದ್ರವಾಗುವ ಒಂದು ಶಾಲೆಗೆ ಇಳಿಜಾರು ದಾರಿ ಕಟ್ಟುವುದು ಅದಕ್ಕೆ ಮೀರಿದ ಖರ್ಚೇನಲ್ಲ.

ಪ್ರಶ್ನೆ: ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ನಾವು ಯಾರನ್ನು ಕೇಳಬೇಕು? ವಾರ್ಡ್ ಸಮಿತಿ ಎಂಬುದು ನಿಜಕ್ಕೂ ಇದೆಯೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಕಾನೂನಿನಲ್ಲಿ ಖಂಡಿತ ಇದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ; 2011ರ ಜನಗಣತಿಯಲ್ಲೇ ಶಿವಮೊಗ್ಗ ಆ ಗೆರೆ ದಾಟಿದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘದವರಿಗೆ ಅದರಲ್ಲಿ ಸ್ಥಾನವಿದೆ. ತೊಡಕೆಂದರೆ ಅದರ ಅಧ್ಯಕ್ಷರು ಆ ವಾರ್ಡಿನ ಸದಸ್ಯರೇ. 2023ರ ಕೊನೆಯಲ್ಲಿ 35 ವಾರ್ಡ್‌ಗಳ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಗಳ ಕೈಗೆ ಪಾಲಿಕೆ ಹೋದಾಗ ಸಭೆಯ ಜತೆಗೆ ಸಮಿತಿಯ ಕುರ್ಚಿಯೂ ಖಾಲಿಯಾಯಿತು. ಅಧಿಕಾರಿಗಳು ದಕ್ಷರಿರಬಹುದು, ಆದರೆ ನೆರೆ ಬಂದ ಮರುವಾರ ತುಂಬಿದ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರ ಕೆಲಸವನ್ನು ಅವರು ತಮ್ಮ ಮೇಲೆ ತಾವೇ ಮಾಡಿಕೊಳ್ಳಲಾರರು.

ಸಭೆಯಿಲ್ಲದ ದಿನಗಳಿಗೂ ನಿಮ್ಮ ಕೈಯಲ್ಲಿ ಮಾಹಿತಿ ಹಕ್ಕು ಇದೆ. ಅದು ಕಡತದ ನಕಲು ಪಡೆಯುವುದಕ್ಕೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿ ಸೇರಿದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಇರುವುದರಿಂದ ಊರಿನ ಎಲ್ಲ ದೂರುಗಳನ್ನು ಒಂದರಲ್ಲೇ ತುಂಬಬೇಡಿ. ಮೊದಲ ಅರ್ಜಿಗೆ ಇಷ್ಟು ಸಾಕು: “ನಮ್ಮ ವಾರ್ಡಿನಿಂದ ತುಂಗಾ ನದಿಗೆ ಸೇರುವ ಚರಂಡಿಗಳ ಪಟ್ಟಿ, ಪ್ರತಿಯೊಂದರ ಹೂಳನ್ನು ಕಳೆದ ಬಾರಿ ತೆಗೆದ ದಿನಾಂಕ ಮತ್ತು ಆ ಕೆಲಸದ ಅಳತೆ ಪುಸ್ತಕದ ಪುಟಗಳ ನಕಲನ್ನು ಕೊಡಿ.” ಅಳತೆ ಪುಸ್ತಕವೆಂದರೆ ನಡೆದ ಕೆಲಸದ ಅಳತೆಯನ್ನು ದಾಖಲಿಸುವ ಪುಸ್ತಕ. ಅರ್ಜಿಯನ್ನು ಮೇ ತಿಂಗಳ ಮೊದಲ ವಾರದಲ್ಲಿ ಕೊಟ್ಟರೆ ಮಳೆ ಹಿಡಿಯುವ ಹೊತ್ತಿಗೆ ಉತ್ತರದ ಗಡುವು ಮುಗಿದಿರುತ್ತದೆ.